ಮಟ್ಟು ಹಳೆಯದು, ಮಾತು ಹೊಸತು

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಬೇರೊಂದು ವಿಷಯದ ನಡುವೆ, 2002ರಲ್ಲಿ ಅಮೆರಿಕದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದ ‘ಡಿಲೆಮಾ’ ಎಂಬ ಹಿಪ್‌ಹಾಪ್ ಪ್ರೇಮಗೀತೆಯನ್ನು ಒಂದೇ ಮಾತಿನಲ್ಲಿ ಪ್ರಸ್ತಾಪಿಸಿದ್ದೆ. ಸಂಗೀತದ ಅಂಕಣಕ್ಕೆ ಸಾಮಾನ್ಯವಾಗಿ ರಾಗ, ತಾಳ, ದಾಸರ ಪದಗಳ ಕುರಿತೇ ಪತ್ರ ಬರೆಯುವ ನಮ್ಮ ಓದುಗರು ಈ ಸಲ ಅದೊಂದು ಮಾತನ್ನೇ ಹಿಡಿದು ಬರೆದಿದ್ದಾರೆ. ಆದುದರಿಂದ ಈ ಸಂಚಿಕೆಯ ಪುಟವನ್ನು ಆ ಹಾಡಿಗೇ ಬಿಟ್ಟುಕೊಡುತ್ತಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮಾವ ಶಾರ್ಜಾದಿಂದ ತಂದಿದ್ದ ಸಿ.ಡಿ. ಒಂದರಲ್ಲಿ ಈ ಹಾಡಿತ್ತು. ಇಂಗ್ಲಿಷ್ ಸರಿಯಾಗಿ ಅರ್ಥವಾಗದ ವಯಸ್ಸಿನಿಂದಲೂ ಅದನ್ನು ಕೇಳುತ್ತಾ ಬಂದಿದ್ದೇನೆ. ಇದನ್ನು ಯಾರು, ಹೇಗೆ ಮಾಡಿದರು? ಅಷ್ಟೊಂದು ಜನಪ್ರಿಯವಾಗಲು ಕಾರಣವೇನು? ಅದರಲ್ಲಿ ಅರ್ಧ ಬರೀ ಮಾತು ತಾನೇ?
— ಪದವಿ ವಿದ್ಯಾರ್ಥಿನಿ, ನೀರ್ಚಾಲು

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿಯೇ ಉತ್ತರದ ಬಹುಭಾಗ ಅಡಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಹಾಡಿನ ಮಾತುಗಾರನ ಹೆಸರು ನೆಲ್ಲಿ. ಹೆಸರು ಕೇಳಿದ ಕೂಡಲೇ ನಮಗೆ ಹಿತ್ತಿಲ ನೆಲ್ಲಿಕಾಯಿಯೂ ಉಪ್ಪುನೀರಿನ ಭರಣಿಯೂ ನೆನಪಾದರೆ ಅದು ಅವರ ತಪ್ಪಲ್ಲ. ಕಾರ್ನೆಲ್ ಹೇನ್ಸ್ ಎಂಬ ನಿಜ ಹೆಸರನ್ನು ಮೊಟಕುಗೊಳಿಸಿ ಮಾಡಿಕೊಂಡದ್ದು ಅದು. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಿಂದ ಬಂದವರು. ಆ ಕಾಲದ ಹಿಪ್‌ಹಾಪ್ ನ್ಯೂಯಾರ್ಕಿನದು, ಇಲ್ಲವೇ ಕ್ಯಾಲಿಫೋರ್ನಿಯಾದ್ದು, ಇಲ್ಲವೇ ಅಟ್ಲಾಂಟಾದಂತಹ ದಕ್ಷಿಣದ ನಗರಗಳದ್ದು. ನಟ್ಟನಡುವಿನ ಸೇಂಟ್ ಲೂಯಿಸ್‌ಗೆ ಅಲ್ಲಿ ಹೇಳಿಕೊಳ್ಳುವಂತಹ ಜಾಗವಿರಲಿಲ್ಲ. ನೆಲ್ಲಿಯ ಉಚ್ಚಾರದಲ್ಲಿ ಎಳೆದೆಳೆದು ಆಡುವ, ಮಾತಿನ ತುದಿಯನ್ನು ರಾಗಕ್ಕೆ ತಾಗಿಸಿ ಬಿಡುವ ಒಂದು ಗುಣವಿತ್ತು. ರ‍್ಯಾಪ್ (ಹಿಪ್‌ಹಾಪಿನಲ್ಲಿ ತಾಳಕ್ಕೆ ಕೂರಿಸಿ ಆಡುವ ಪ್ರಾಸದ ಮಾತು) ಹೇಳುವಾಗಲೂ ಅವರು ಅರೆವಾಸಿ ಹಾಡುತ್ತಿದ್ದರು. ಪ್ರೇಮಗೀತೆಗೆ ಒದಗಿದ್ದು ಅದೇ ಗುಣ.

ಹಾಡುವವರು ಕೆಲ್ಲಿ ರೋಲ್ಯಾಂಡ್. ‘ಡೆಸ್ಟಿನೀಸ್ ಚೈಲ್ಡ್’ ಎಂಬ ಮೂವರು ಹೆಣ್ಣುಮಕ್ಕಳ ಖ್ಯಾತ ತಂಡದಲ್ಲಿ ಬಿಯಾನ್ಸೆಯ ಜೊತೆಗಿದ್ದವರು. 2002ರ ಹೊತ್ತಿಗೆ ಆ ಮೂವರೂ ತಂಡಕ್ಕೆ ಸ್ವಲ್ಪ ಕಾಲ ಬಿಡುವು ಕೊಟ್ಟು ಒಬ್ಬೊಬ್ಬರಾಗಿ ಹಾಡತೊಡಗಿದ್ದರು. ನೆಲ್ಲಿಯ ‘ನೆಲ್ಲಿವಿಲ್’ ಎಂಬ ಧ್ವನಿಸಂಪುಟ ಆ ವರ್ಷದ ಜೂನ್ ತಿಂಗಳಲ್ಲಿ ಹೊರಬಂತು. ಈ ಹಾಡು ಅದರಲ್ಲಿತ್ತು. ಹಾಡು ಎಷ್ಟು ಬೇಗ ಜನರ ಬಾಯಿಗೆ ಬಿತ್ತೆಂದರೆ, ಮುಂದಿನ ವರ್ಷಕ್ಕೆಂದು ಇಟ್ಟುಕೊಂಡಿದ್ದ ರೋಲ್ಯಾಂಡ್ ಅವರ ಸ್ವಂತ ಧ್ವನಿಸಂಪುಟವನ್ನು ಅದೇ ವರ್ಷದ ಅಕ್ಟೋಬರಿಗೆ ಎಳೆದು ತರಬೇಕಾಯಿತು, ಅದರಲ್ಲಿಯೂ ಈ ಹಾಡನ್ನು ಸೇರಿಸಬೇಕಾಯಿತು. ನಾದವನ್ನು ಕಟ್ಟಿದವರು ಬ್ಯಾಮ್ ಮತ್ತು ರಯಾನ್ ಬೌಸರ್. ಅವರು ತಳಪಾಯಕ್ಕೆ ತೆಗೆದುಕೊಂಡದ್ದು ಪ್ಯಾಟಿ ಲಬೆಲ್ ಎಂಬ ಹಿರಿಯ ಗಾಯಕಿ 1983ರಲ್ಲಿ ಹಾಡಿದ್ದ ‘ಲವ್, ನೀಡ್ ಆ್ಯಂಡ್ ವಾಂಟ್ ಯು’ ಎಂಬ ನಿಧಾನಗತಿಯ ಪ್ರೇಮಗೀತೆಯನ್ನು. ಆ ಹಳೆಯ ಹಾಡಿನ ರಾಗದ ಎಳೆಯನ್ನು ಇಟ್ಟುಕೊಂಡು, ಅದರ ಸಾಲಿನೊಳಕ್ಕೆ ‘ನೆಲ್ಲಿ’ ಎಂಬ ಹೆಸರನ್ನು ತೂರಿಸಿ, ರೋಲ್ಯಾಂಡ್ ಅವರಿಂದ ಹೊಸದಾಗಿ ಹಾಡಿಸಿದರು. ನಡುನಡುವೆ ಬಂದುಹೋಗುವ, ಉಸಿರೋ ಉದ್ಗಾರವೋ ಎಂದು ಹೇಳಲಾಗದ ಆ ಪುಟ್ಟ ‘ಓ’ ನಿಮ್ಮ ಕಿವಿಯಲ್ಲಿ ಈಗಲೂ ಇರಬಹುದು.

ಕಥೆ ಸರಳವಾದದ್ದು. ಹುಡುಗನ ಕೇರಿಗೆ ಹೊಸದಾಗಿ ಒಬ್ಬಳು ವಾಸಕ್ಕೆ ಬರುತ್ತಾಳೆ. ಅವಳಿಗೆ ಇವನ ಮೇಲೆ ಮನಸ್ಸಿದೆ, ಇವನಿಗೆ ಅವಳ ಮೇಲೆ. ಆದರೆ ಅವಳಿಗೆ ಆಗಲೇ ಒಬ್ಬ ಸಂಗಾತಿಯೂ ಒಬ್ಬ ಮಗನೂ ಇದ್ದಾರೆ. ಒಂದು ಸಂಸಾರವನ್ನು ಮುರಿಯುವುದು ಇವನಿಗೆ ಬೇಡ, ಸುಮ್ಮನಿರಲೂ ಆಗುವುದಿಲ್ಲ. ಇಂಗ್ಲಿಷಿನ ಆ ಶೀರ್ಷಿಕೆಗೆ ನಮ್ಮಲ್ಲಿ ‘ಸಂದಿಗ್ಧ’ ಎಂಬ ಪದವಿದ್ದರೂ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ‘ಧರ್ಮಸಂಕಟ’ವೇ ಇಲ್ಲಿಗೆ ಹೆಚ್ಚು ಒಪ್ಪುತ್ತದೆ.

ಈಗ ನಿಮ್ಮ ‘ಅರ್ಧ ಬರೀ ಮಾತು’ ಎಂಬುದಕ್ಕೆ ಬರೋಣ. ಗಮನಿಸಿ ಕೇಳಿದರೆ, ಯಾವುದನ್ನು ಹಾಡಬೇಕು, ಯಾವುದನ್ನು ಆಡಬೇಕು ಎಂಬ ಹಂಚಿಕೆ ಈ ಹಾಡಿನಲ್ಲಿ ಬಹಳ ಎಚ್ಚರದಿಂದ ನಡೆದಿದೆ. ಏನೇ ಮಾಡುತ್ತಿದ್ದರೂ, ಯಾರ ಜೊತೆಗಿದ್ದರೂ ನಿನ್ನದೇ ನೆನಪು ಎಂಬ ಭಾವಕ್ಕೆ ಕಾರಣಗಳಿಲ್ಲ, ವಿವರಗಳಿಲ್ಲ. ಅದು ಪಲ್ಲವಿಯಾಗಿ ರಾಗದಲ್ಲಿ ಬರುತ್ತದೆ, ಬಂದದ್ದೇ ಮತ್ತೆ ಬರುತ್ತದೆ. ಅವಳು ಎಲ್ಲಿಂದ ಬಂದಳು, ಮನೆಯಲ್ಲಿ ಯಾರಿದ್ದಾರೆ, ತಾನು ಏಕೆ ಹಿಂಜರಿಯುತ್ತಿದ್ದೇನೆ ಎಂಬ ಲೋಕದ ವ್ಯವಹಾರವೆಲ್ಲ ಮಾತಿನಲ್ಲಿ ಬರುತ್ತದೆ. ಹೃದಯಕ್ಕೆ ಹಾಡು, ಪರಿಸ್ಥಿತಿಗೆ ಮಾತು. ಕಾಸರಗೋಡು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ: ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ನಮ್ಮ ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಪಾತ್ರವಾಗಿ ಅದರ ಅರ್ಥವನ್ನು ಮಾತಿನಲ್ಲಿ ಹೇಳುತ್ತಾನೆ. ಪದ್ಯ ನಾಲ್ಕೇ ಸಾಲು. ಅರ್ಥ ಅರ್ಧ ಗಂಟೆ. ‘ಡಿಲೆಮಾ’ದಲ್ಲಿ ಕೆಲ್ಲಿ ರೋಲ್ಯಾಂಡ್ ಭಾಗವತರು, ನೆಲ್ಲಿ ಅರ್ಥಧಾರಿ.

ಹೋಲಿಕೆಗೆ ಒಂದು ಮಿತಿಯಿದೆ. ಅದನ್ನು ನನಗೆ ತೋರಿಸಿಕೊಟ್ಟದ್ದು ನಮ್ಮ ನೆರೆಮನೆಯಲ್ಲಿ ಮದ್ದಳೆ ಅಭ್ಯಾಸ ಮಾಡುತ್ತಿರುವ ಹುಡುಗ. ನಿಮ್ಮ ಪತ್ರ ಬಂದ ದಿನ ಸಂಜೆ ಮೊಬೈಲನ್ನು ಜಗಲಿಯ ದಂಡೆಯ ಮೇಲಿಟ್ಟು ಅವನಿಗೆ ಹಾಡನ್ನು ಕೇಳಿಸಿದೆ. ಹಾಡು ಯಾವುದೆಂದು ಅವನು ಕೇಳಲಿಲ್ಲ. ಎರಡು ಸಾಲು ಕಳೆಯುವಷ್ಟರಲ್ಲಿ ದಂಡೆಯ ಹಲಗೆಯ ಮೇಲೆ ಬೆರಳುಗಳಿಂದ ಏಕತಾಳದ ನಾಲ್ಕು ಪೆಟ್ಟುಗಳನ್ನು ಹಿಡಿದುಬಿಟ್ಟ. ಪಲ್ಲವಿ ಮುಗಿದು ಮಾತು ಬಂದಾಗ, ಇನ್ನು ತಾಳ ಬೇಡವೆಂದು ಕೈ ಎತ್ತಿದವನು ಮತ್ತೆ ಕೈ ಇಳಿಸಿದ. ‘ಅರ್ಥದ ಹಾಂಗೆ ತಾಳ ಬಿಟ್ಟಾನು ಅಂತ ಕಾದೆ, ಬಿಡುದೇ ಇಲ್ಲ’ ಎಂದ. ಅವನು ಹೇಳಿದ್ದು ಸರಿ. ನಮ್ಮ ಅರ್ಥಧಾರಿಗೆ ಮಾತಿನ ಹೊತ್ತಿನಲ್ಲಿ ತಾಳದ ಹಂಗಿಲ್ಲ. ರ‍್ಯಾಪ್ ಹೇಳುವವನು ಆಡುಮಾತಿನ ಸಹಜತೆಯನ್ನು ಉಳಿಸಿಕೊಂಡೇ ಪ್ರತಿಯೊಂದು ಪ್ರಾಸವನ್ನೂ ಪೆಟ್ಟಿನ ಮೇಲೆ ತಂದು ಕೂರಿಸಬೇಕು. ಕೇಳುವವರಿಗೆ ಬರೀ ಮಾತೆನ್ನಿಸುವುದು ಹೇಳುವವನ ಪಳಗಿಕೆ.

ಜನಪ್ರಿಯತೆಯ ಲೆಕ್ಕವನ್ನು ಕೇಳಿದ್ದೀರಿ. ಅಮೆರಿಕದ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 2002ರ ಜೂನ್ ಕೊನೆಯಿಂದ ಏಳು ವಾರ ಮೊದಲ ಸ್ಥಾನದಲ್ಲಿದ್ದದ್ದು ನೆಲ್ಲಿಯದೇ ‘ಹಾಟ್ ಇನ್ ಹಿಯರ್’. ಆಗಸ್ಟ್ 17ರ ಪಟ್ಟಿಯಲ್ಲಿ ಅದನ್ನು ಕೆಳಗಿಳಿಸಿ ಆ ಜಾಗಕ್ಕೆ ಬಂದದ್ದು ‘ಡಿಲೆಮಾ’. ಏಳು ವಾರಗಳ ಬಳಿಕ ಅಮೆರಿಕನ್ ಐಡಲ್ ಸ್ಪರ್ಧೆಯ ಮೊದಲ ವಿಜೇತೆ ಕೆಲ್ಲಿ ಕ್ಲಾರ್ಕ್‌ಸನ್ ಎರಡು ವಾರ ಆ ಜಾಗವನ್ನು ಕಸಿದುಕೊಂಡರು. ಮತ್ತೆ ಮೂರು ವಾರ ‘ಡಿಲೆಮಾ’ವೇ. ಹತ್ತೊಂಬತ್ತು ವಾರಗಳಲ್ಲಿ ಹದಿನೇಳು ವಾರ ಒಬ್ಬನದೇ ಕಾರುಬಾರು. ಕೊನೆಗೆ ನವೆಂಬರಿನಲ್ಲಿ ಎಮಿನೆಮ್‌ನ ‘ಲೂಸ್ ಯುವರ್‌ಸೆಲ್ಫ್’ ಬಂದು ಅದನ್ನು ಇಳಿಸಿತು. ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿಗಳಲ್ಲಿಯೂ ಅದು ಮೊದಲ ಸ್ಥಾನಕ್ಕೇರಿತ್ತು. ನಿಮ್ಮ ಮಾವನವರ ಸಿ.ಡಿ.ಗೆ ಅದು ಶಾರ್ಜಾದಲ್ಲಿ ಸಿಕ್ಕಿದ್ದು ಹಾಗಾಗಿ ಸೋಜಿಗವಲ್ಲ. ನಾನು ಅದನ್ನು ಮೊದಲು ಕೇಳಿದ್ದು ಕಾಸರಗೋಡಿನಿಂದ ಮಧೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ, ಒಂದು ಮಾಪಿಳ್ಳೆಪಾಟ್ಟಿಗೂ ಒಂದು ರಾಜ್‌ಕುಮಾರ್ ಹಾಡಿಗೂ ನಡುವೆ.

ಪ್ರಶ್ನೆ: ಆ ಹಾಡಿನ ವಿಡಿಯೋದಲ್ಲಿ ನಾಯಕಿಯು ಮೊಬೈಲಿನ ಎಕ್ಸೆಲ್‌ನಲ್ಲಿ ಸಂದೇಶ ಬರೆದು, ಉತ್ತರ ಬರಲಿಲ್ಲವೆಂದು ಸಿಟ್ಟಾಗುತ್ತಾಳೆ ಎಂದು ನನ್ನ ಮಗ ನಗಾಡುತ್ತಾನೆ. ನಿಜವೇ?
— ಮೊಬೈಲ್ ಅಂಗಡಿಯವರು, ಉಪ್ಪಳ

ಉತ್ತರ: ನಿಜ. ಅದು ನೋಕಿಯಾ 9210 ಕಮ್ಯುನಿಕೇಟರ್. ನಿಮ್ಮ ಅಂಗಡಿಯಲ್ಲಿ ಅದು ಬಂದಿತ್ತೋ ಇಲ್ಲವೋ, ಕನ್ನಡಕದ ಪೆಟ್ಟಿಗೆಯಂತೆ ಅಡ್ಡಕ್ಕೆ ಬಿಚ್ಚಿಕೊಳ್ಳುವ, ಒಳಗೆ ಅಗಲವಾದ ಬಣ್ಣದ ಪರದೆಯೂ ಪೂರ್ತಿ ಕೀಲಿಮಣೆಯೂ ಇದ್ದ ಭಾರದ ಫೋನು. ರೋಲ್ಯಾಂಡ್ ಅದನ್ನು ಬಿಚ್ಚಿ ‘ಎಲ್ಲಿದ್ದೀಯ, ನೋಡಿದ ಕೂಡಲೇ ತಿಳಿಸು’ ಎಂಬರ್ಥದ ಮಾತನ್ನು ಬರೆಯುತ್ತಾರೆ. ಬರೆದದ್ದು ಕಾಣಿಸುವುದು ಮಾತ್ರ ಅಡ್ಡಗೆರೆ–ಉದ್ದಗೆರೆಗಳ ನಡುವಿನ ಒಂದು ಚೌಕದಲ್ಲಿ. ಸಹಕಾರಿ ಸಂಘದ ಗುಮಾಸ್ತರು ಅಡಿಕೆಯ ತೂಕ ಬರೆಯುವಂತಹ ಲೆಕ್ಕದ ಹಾಳೆ. ಅಲ್ಲಿಂದ ಸಂದೇಶ ಯಾರಿಗೂ ಹೋಗುವುದಿಲ್ಲ. ಉತ್ತರ ಬಾರದ್ದಕ್ಕೆ ಅವರು ಮುಖ ಗಂಟಿಕ್ಕಿ ಫೋನನ್ನು ಮುಚ್ಚುತ್ತಾರೆ.

ಹಾಡು ಹೊರಬಂದಾಗ ಇದನ್ನು ಹೆಚ್ಚಿನವರು ಗಮನಿಸಲಿಲ್ಲ. ಅಂತಹ ಫೋನು ಕೈಯಲ್ಲಿದ್ದವರು ಕಡಿಮೆ, ದೂರದರ್ಶನದಲ್ಲಿ ಬಂದುಹೋಗುವ ದೃಶ್ಯವನ್ನು ನಿಲ್ಲಿಸಿ ನೋಡುವ ಅವಕಾಶವೂ ಇರಲಿಲ್ಲ. ಬೇಕೆಂದಲ್ಲಿ ಚಿತ್ರವನ್ನು ತಡೆದು ನಿಲ್ಲಿಸಬಲ್ಲ ನಿಮ್ಮ ಮಗನ ತಲೆಮಾರಿಗೆ ಹಾಡಿಗಿಂತ ಮೊದಲು ಈ ತಮಾಷೆ ತಲುಪುತ್ತದೆ. ಹಾಡಿನ ಪಾಲಿಗೆ ಅದೂ ಒಂದು ಆಯುಷ್ಯವೃದ್ಧಿಯೇ. ಒಲಿದವಳೊಬ್ಬಳು ತನ್ನ ಮಾತನ್ನು ತಲುಪದ ಜಾಗದಲ್ಲಿ ಬರೆದು ಕಾಯುವುದು ಆ ಹಾಡಿನ ಧರ್ಮಸಂಕಟಕ್ಕೆ ಹೊಂದಿಕೊಂಡುಬಿಟ್ಟಿದೆ ಎಂದು ನನಗೆ ಅನ್ನಿಸುವುದುಂಟು. ನಿರ್ದೇಶಕರು ಅಷ್ಟೆಲ್ಲ ಯೋಚಿಸಿರಲಾರರು.

ಪ್ರಶ್ನೆ: ಆತನ ಕೆನ್ನೆಯ ಮೇಲೆ ಆ ಬ್ಯಾಂಡೇಡ್ ಏಕೆ?
— ಮಂಜೇಶ್ವರದ ಓದುಗರು

ಉತ್ತರ: ಮೊದಲು ಅಂಟಿಸಿದ್ದು ಬಾಸ್ಕೆಟ್‌ಬಾಲ್ ಆಡುವಾಗ ಆದ ಗಾಯಕ್ಕೆ. ಗಾಯ ಮಾಗಿದ ಮೇಲೂ ಉಳಿಸಿಕೊಂಡದ್ದು, ತನ್ನ ಹಳೆಯ ತಂಡದ, ಆಗ ಸೆರೆಮನೆಯಲ್ಲಿದ್ದ ಗೆಳೆಯ ಸಿಟಿ ಸ್ಪಡ್‌ನ ನೆನಪಿಗೆ.

ಪ್ರಶ್ನೆ: ಅಂಕಣಕಾರರಿಗೆ ನಮಸ್ಕಾರ. ಐವತ್ತು ವರ್ಷಗಳಿಂದ ತಾಳಮದ್ದಳೆ ಕೇಳಿದವನು ನಾನು. ಇನ್ನೊಬ್ಬರು ಹಾಡಿದ ಹಾಡನ್ನು ತೆಗೆದು, ಅದರ ಮೇಲೆ ತಾನು ಮಾತಾಡಿ, ತನ್ನದೆಂದು ಮಾರುವುದು ಕಳವಲ್ಲದೆ ಮತ್ತೇನು? ಇದಕ್ಕೆ ನೀವು ಕಲೆಯೆಂದು ಹೆಸರಿಡುವುದು ಸರಿಯೇ?
— ಹಿರಿಯ ಓದುಗರು, ಬಾಯಾರು

ಉತ್ತರ: ನಮಸ್ಕಾರ. ತಾವು ಮೊದಲೇ ತಾಳಮದ್ದಳೆಯ ಮಾತನ್ನೆತ್ತಿದ್ದು ಒಳ್ಳೆಯದಾಯಿತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳನ್ನು ಎಷ್ಟು ತಲೆಮಾರಿನ ಭಾಗವತರು ಹಾಡಿದ್ದಾರೆ, ಆ ಪದ್ಯಗಳ ಮೇಲೆ ಎಷ್ಟು ಜನ ಅರ್ಥಧಾರಿಗಳು ತಮ್ಮ ಮಾತನ್ನು ಕಟ್ಟಿದ್ದಾರೆ! ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನೋ ವಾಲಿಯನ್ನೋ ಕೇಳಿದವರು, ಪದ್ಯ ಹಳೆಯದಾದ್ದರಿಂದ ಅರ್ಥವೂ ಕಳವಿನದು ಎಂದು ಹೇಳಿದ್ದುಂಟೇ? ಪದ್ಯ ಎಲ್ಲರಿಗೂ ಗೊತ್ತಿರುವುದರಿಂದಲೇ ಹೊಸ ಅರ್ಥದ ಹೊಸತನ ಎದ್ದು ಕಾಣುತ್ತದೆ.

ಅಷ್ಟಕ್ಕೇ ನಿಲ್ಲಿಸಿದರೆ ತಮ್ಮ ಪ್ರಶ್ನೆಯನ್ನು ಜಾರಿಸಿದಂತಾಗುತ್ತದೆ. ಪಾರ್ತಿಸುಬ್ಬನ ಪದ್ಯದಿಂದ ಇಂದು ಯಾರ ಹಕ್ಕಿನ ಹಣವೂ ನಷ್ಟವಾಗುವುದಿಲ್ಲ. ಬದುಕಿರುವ ಸಂಗೀತಗಾರನ ಹಾಡನ್ನು ತೆಗೆದುಕೊಂಡರೆ ಆಗುತ್ತದೆ. ಹಿಪ್‌ಹಾಪ್ ನ್ಯೂಯಾರ್ಕಿನ ಬೀದಿ ಕೂಟಗಳಲ್ಲಿ ಹುಟ್ಟಿದಾಗ ಹಳೆಯ ಗ್ರಾಮಾಫೋನ್ ತಟ್ಟೆಗಳೇ ಅದರ ವಾದ್ಯಗಳಾಗಿದ್ದವು, ಯಾರೂ ಯಾರ ಅನುಮತಿಯನ್ನೂ ಕೇಳುತ್ತಿರಲಿಲ್ಲ. ಆ ಪದ್ಧತಿಗೆ ತಡೆ ಬಿದ್ದದ್ದು 1991ರಲ್ಲಿ. ಬಿಝ್ ಮಾರ್ಕಿ ಎಂಬ ರ‍್ಯಾಪ್ ಕಲಾವಿದರು ಗಿಲ್ಬರ್ಟ್ ಓ’ಸಲಿವನ್ ಅವರ ಹಾಡೊಂದರ ತುಣುಕನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ನ್ಯಾಯಾಧೀಶರು ತೀರ್ಪನ್ನು ಆರಂಭಿಸಿದ್ದು ಬೈಬಲಿನ ‘ಕದಿಯಬಾರದು’ ಎಂಬ ಆಜ್ಞೆಯಿಂದ. ತಾವು ಈಗ ಹೇಳುವ ಮಾತನ್ನೇ ಅವರು ಆಗಲೇ ಬರೆದಿಟ್ಟಿದ್ದರು ಎನ್ನಬಹುದು. ಅಲ್ಲಿಂದ ಮುಂದೆ ದೊಡ್ಡ ಕಂಪನಿಗಳು ಮೂಲದವರ ಒಪ್ಪಿಗೆ ಪಡೆಯದೆ, ಹಣ ಕೊಡದೆ, ಹೆಸರು ಹಾಕದೆ ಇಂತಹ ಹಾಡುಗಳನ್ನು ಹೊರತರುವ ಧೈರ್ಯ ಮಾಡಲಿಲ್ಲ.

‘ಡಿಲೆಮಾ’ ಆ ತೀರ್ಪಿನ ಆಚೆಯ ಕಾಲದ್ದು. ಅದರ ರಚನೆಕಾರರ ಹೆಸರುಗಳಲ್ಲಿ ನೆಲ್ಲಿ ಮತ್ತು ಬೌಸರ್ ಅವರ ಜೊತೆಗೆ, 1983ರ ಮೂಲ ಹಾಡನ್ನು ರಚಿಸಿದ ಕೆನ್ನಿ ಗ್ಯಾಂಬಲ್ ಮತ್ತು ಬನ್ನಿ ಸಿಗ್ಲರ್ ಅವರ ಹೆಸರುಗಳೂ ಇವೆ. ನಮ್ಮ ಹಿಂದಿನ ನಾಟಕ ಕಂಪನಿಗಳ ಪದಗಳ ಪುಸ್ತಕಗಳನ್ನು ತಾವು ನೋಡಿರಬಹುದು. ಹಾಡಿನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ, ಇಂತಹ ಹಾಡಿನ ಮಟ್ಟು ಎಂದು ಅಚ್ಚಾಗಿರುತ್ತಿತ್ತು. ಕೃತಜ್ಞತೆಯೂ ಅದೇ, ಹಾಡುವವರಿಗೆ ಸೂಚನೆಯೂ ಅದೇ. ಅಮೆರಿಕದವರು ಅದೇ ಸಾಲಿಗೆ ಹಣದ ಪಾಲನ್ನೂ ಸೇರಿಸಿದರು.

ಇನ್ನೂ ಒಂದು ಸಂಗತಿಯನ್ನು ತಾವು ಮೆಚ್ಚುವಿರೆಂದು ನಂಬುತ್ತೇನೆ. ಮೂಲ ಗಾಯಕಿ ಪ್ಯಾಟಿ ಲಬೆಲ್ ಅವರು ‘ಡಿಲೆಮಾ’ದ ವಿಡಿಯೋದಲ್ಲಿ ತಾವೇ ಕಾಣಿಸಿಕೊಳ್ಳುತ್ತಾರೆ. ಪಾತ್ರ ಯಾವುದೆಂದರೆ, ನಾಯಕಿಯ ತಾಯಿ. ಹಾಡಿಗೆ ತಾಯಿಯಾದವರನ್ನು ಕಥೆಯಲ್ಲಿಯೂ ತಾಯಿಯಾಗಿಸಿ ಮನೆಯ ಬಾಗಿಲಲ್ಲಿ ನಿಲ್ಲಿಸಿದ್ದಾರೆ.

ಪ್ರಶ್ನೆ: ಹಿಪ್‌ಹಾಪ್ ಎಂದರೆ ಜಂಬ, ಬೈಗುಳ, ಚಿನ್ನದ ಸರ ಎಂದು ತಿಳಿದಿದ್ದೆ. ಅದಕ್ಕೆ ಪ್ರೇಮ ಯಾವಾಗ ಅಂಟಿಕೊಂಡಿತು? ‘ಡಿಲೆಮಾ’ವೇ ಮೊದಲನೆಯದೇ?
— ಕಾರ್ಖಾನೆ ಉದ್ಯೋಗಿ, ಹೊಸೂರು, ತಮಿಳುನಾಡು

ಉತ್ತರ: ಮೊದಲನೆಯದಲ್ಲ. ಅದಕ್ಕೂ ಹದಿನೈದು ವರ್ಷಗಳ ಹಿಂದೆ, 1987ರಲ್ಲಿ, ಎಲ್‌ಎಲ್ ಕೂಲ್ ಜೆ ಎಂಬ ಹತ್ತೊಂಬತ್ತರ ತರುಣನು ‘ಐ ನೀಡ್ ಲವ್’ ಎಂಬ ಹಾಡನ್ನು ಹೊರತಂದ. ಅಬ್ಬರಿಸುವುದಕ್ಕೆ ಹೆಸರಾದವನು ಇಲ್ಲಿ ಬಹುತೇಕ ಪಿಸುಗುಟ್ಟುತ್ತಾನೆ. ಹಾಟ್ 100ರಲ್ಲಿ ಅದು 14ನೆಯ ಸ್ಥಾನದವರೆಗೆ ಏರಿತು. ಕರಿಯರ ಸಂಗೀತದ ಪ್ರತ್ಯೇಕ ಪಟ್ಟಿಯಲ್ಲಿ ಮೊದಲನೆಯದಾಯಿತು. ಗಮನಿಸಬೇಕಾದದ್ದೆಂದರೆ, ಅಲ್ಲಿ ಹಾಡುವವರು ಯಾರೂ ಇಲ್ಲ. ಪ್ರೇಮ ಬೇಕೆಂದು ಮಾತಿನಲ್ಲಿಯೇ ಬೇಡುತ್ತಾನೆ.

ನನಗೆ ಹೆಚ್ಚು ಪ್ರಿಯವಾದದ್ದು ಅದರ ನಂತರದ್ದು. ಮೇಲಿನ ಉತ್ತರದಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿದ ಬಿಝ್ ಮಾರ್ಕಿಯವರೇ 1989ರಲ್ಲಿ ‘ಜಸ್ಟ್ ಎ ಫ್ರೆಂಡ್’ ಎಂಬ ಹಾಡು ಮಾಡಿದ್ದರು. ಹುಡುಗಿಯು ‘ಅವನು ಬರೀ ಗೆಳೆಯ’ ಎಂದು ಹೇಳಿ ನಂಬಿಸುತ್ತಾಳೆ. ಹೇಳದೆ ಕೇಳದೆ ಅವಳ ಹಾಸ್ಟೆಲಿಗೆ ಹೋಗಿ ನೋಡಿದರೆ ಆ ಬರೀ ಗೆಳೆಯನು ಮುತ್ತು ಕೊಡುತ್ತಿರುತ್ತಾನೆ. ಪಲ್ಲವಿ ಫ್ರೆಡ್ಡಿ ಸ್ಕಾಟ್ ಎಂಬ ಗಾಯಕರ 1968ರ ಹಾಡಿನದು. ಅದನ್ನು ಹಾಡಲು ಕರೆದವರು ಯಾರೂ ಬಾರದ್ದರಿಂದ ತಾನೇ ಹಾಡಿದೆ ಎಂದು ಮಾರ್ಕಿ ಹೇಳಿಕೊಂಡಿದ್ದರು. ಅವರಿಗೆ ಶ್ರುತಿಯೆಂಬುದು ದೂರದ ಸಂಬಂಧಿಕ. ಕಂಠ ಒಡೆದು, ರಾಗ ಕೆಟ್ಟು, ಮೋಸಹೋದವನು ಬಾಯಿ ಬಿಟ್ಟು ಅತ್ತಂತೆ ಕೇಳಿಸುತ್ತದೆ. ಪಳಗಿದ ಗಾಯಕ ಹಾಡಿದ್ದರೆ ಆ ಹಾಡು ಇಷ್ಟು ದಿನ ಬದುಕುತ್ತಿರಲಿಲ್ಲ. 1990ರಲ್ಲಿ ಅದು ಹಾಟ್ 100ರ 9ನೆಯ ಸ್ಥಾನಕ್ಕೇರಿತು. ಮಾರ್ಕಿ 2021ರಲ್ಲಿ ತೀರಿಕೊಂಡರು.

ಇಲ್ಲೊಂದು ಕುತೂಹಲದ ಎಳೆಯಿದೆ. ಫ್ರೆಡ್ಡಿ ಸ್ಕಾಟ್ ಅವರ ಆ 1968ರ ಹಾಡನ್ನು ಬರೆದ ಇಬ್ಬರಲ್ಲಿ ಒಬ್ಬರು ಯಾರು ಗೊತ್ತೇ? ಫಿಲಡೆಲ್ಫಿಯಾದ ಅದೇ ಕೆನ್ನಿ ಗ್ಯಾಂಬಲ್. ‘ಡಿಲೆಮಾ’ದ ಅಡಿಪಾಯದಲ್ಲಿರುವವರೂ ಅವರೇ. ಒಂದು ಊರಿನ ಒಬ್ಬ ರಚನೆಕಾರರು ಹದಿನೈದು ವರ್ಷಗಳ ಅಂತರದಲ್ಲಿ ಕಟ್ಟಿದ ಎರಡು ಪ್ರೇಮಗೀತೆಗಳು, ಮುಂದೆ ಹಿಪ್‌ಹಾಪಿನ ಎರಡು ಅತಿ ಪ್ರಸಿದ್ಧ ಪ್ರೇಮಗೀತೆಗಳಿಗೆ ಮಟ್ಟಾಗಿ ಒದಗಿದವು. ಬಾಯಾರಿನ ಹಿರಿಯರು ಇದನ್ನೂ ಓದಲಿ.

ಮೂರನೆಯದಾಗಿ, 1995ರಲ್ಲಿ ಮೆಥಡ್ ಮ್ಯಾನ್ ಮತ್ತು ಮೇರಿ ಜೆ. ಬ್ಲೈಜ್ ಸೇರಿ, 1968ರ ಮಾರ್ವಿನ್ ಗೇ – ಟ್ಯಾಮಿ ಟೆರೆಲ್ ಯುಗಳಗೀತೆಯ ಪಲ್ಲವಿಯನ್ನು ಹೊಸತಾಗಿ ಹಾಡಿದರು. ಆ ಹಾಡು ಹಾಟ್ 100ರಲ್ಲಿ 3ನೆಯ ಸ್ಥಾನಕ್ಕೇರಿತು, 1996ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಒರಟು ದನಿಯ ಗಂಡು, ನುರಿತ ಕಂಠದ ಹೆಣ್ಣು ಎಂಬ ಜೋಡಣೆ ಅಲ್ಲಿ ಗಟ್ಟಿಯಾಯಿತು. ‘ಡಿಲೆಮಾ’ ಬರುವ ಹೊತ್ತಿಗೆ ದಾರಿ ಸವೆದಿತ್ತು. ನೆಲ್ಲಿ ಮತ್ತು ರೋಲ್ಯಾಂಡ್ ಮಾಡಿದ ಹೊಸತೆಂದರೆ, ಹೆಣ್ಣಿನ ಹಾಡನ್ನು ಅಲಂಕಾರವಾಗಿ ಇಡದೆ ಕಥೆಯ ಇನ್ನೊಂದು ಪಕ್ಷವಾಗಿ ಇಟ್ಟದ್ದು. ಅವಳಿಗೂ ಧರ್ಮಸಂಕಟವಿದೆ, ಅದನ್ನು ಅವಳೇ ಹೇಳುತ್ತಾಳೆ.

ಪ್ರಶ್ನೆ: ಆ ಹಾಡಿನಿಂದ ಮುಂದೆ ಏನು ಉಳಿಯಿತು? ಇನ್ನೊಂದು ವಿನಂತಿ: ನಾನು ಕನ್ನಡದಲ್ಲಿ ಪ್ರೇಮದ ರ‍್ಯಾಪ್ ಬರೆಯಲು ಯತ್ನಿಸುತ್ತಿದ್ದೇನೆ. ಗೆಳೆಯರು ಮಲಯಾಳಂನಲ್ಲಿ ಬರೆ, ಅದೇ ನಡೆಯುವುದು ಎನ್ನುತ್ತಾರೆ. ಎರಡು ಸಾಲು ಕಳುಹಿಸಿದ್ದೇನೆ: ‘ನಿನ್ನ ನೋಡಿ ನಿಂತಿದ್ದೇನೆ, ಬಸ್ಸು ಬಿಟ್ಟು ಬಂದಿದ್ದೇನೆ.’ ಹೇಗಿದೆ, ದಯವಿಟ್ಟು ತಿಳಿಸಿ.
— ಮುಳ್ಳೇರಿಯದ ಯುವಕ

ಉತ್ತರ: ಮೊದಲನೆಯದಕ್ಕೆ: ಆ ಜೋಡಣೆಯೇ ಉಳಿಯಿತು, ಆಮೇಲೆ ಅದೇ ಕರಗಿತು. ಗ್ರ್ಯಾಮಿಯವರು ಹಾಡು ಮತ್ತು ರ‍್ಯಾಪ್ ಕೂಡಿದ ಕೃತಿಗಳಿಗೆಂದೇ ಒಂದು ಪ್ರತ್ಯೇಕ ಪ್ರಶಸ್ತಿಯನ್ನು 2002ರಲ್ಲಿ ಆರಂಭಿಸಿದ್ದರು. 2003ರಲ್ಲಿ, ಅದರ ಎರಡನೆಯ ವರ್ಷವೇ, ‘ಡಿಲೆಮಾ’ಕ್ಕೆ ಅದು ಸಂದಿತು. ಮರುವರ್ಷ ಬಿಯಾನ್ಸೆ ಮತ್ತು ಜೇ–ಝೀ ಅವರ ‘ಕ್ರೇಝಿ ಇನ್ ಲವ್’ಗೆ, ಅದೂ 1970ರ ಹಾಡೊಂದರ ಕಹಳೆಗಳ ಮೇಲೆ ಕಟ್ಟಿದ್ದು. ನೆಲ್ಲಿ ಮತ್ತು ರೋಲ್ಯಾಂಡ್ 2010ರಲ್ಲಿ ‘ಗಾನ್’ ಎಂಬ ಹಾಡಿನಲ್ಲಿ ಮತ್ತೆ ಜೊತೆಯಾದರು. ಎರಡನೆಯ ಸಲ ಸುರಿದ ಚಹಾದ ಹಾಗೆ, ಬಣ್ಣವಿತ್ತು, ಖಾರವಿರಲಿಲ್ಲ. ಅಷ್ಟರಲ್ಲಿ ರ‍್ಯಾಪ್ ಹೇಳುವವರೇ ಹಾಡತೊಡಗಿದ್ದರು. 2017ರಲ್ಲಿ ಒಬ್ಬರೇ ಮಾಡಿದ ಕೃತಿಗೂ ಅವಕಾಶವಿರುವಂತೆ ಆ ಪ್ರಶಸ್ತಿಯ ಹೆಸರನ್ನು ಬದಲಿಸಿದರು, ಆ ವರ್ಷ ಅದನ್ನು ಪಡೆದವರು ಒಬ್ಬರೇ ಹಾಡಿ ಒಬ್ಬರೇ ಆಡುವ ಡ್ರೇಕ್. ಈಗ ಅದರ ಹೆಸರಿನಲ್ಲಿ ಉಳಿದಿರುವುದು ‘ಇಂಪಾದ ರ‍್ಯಾಪ್’ ಎಂಬರ್ಥದ ಪದಗಳು ಮಾತ್ರ. ಭಾಗವತರೂ ಅರ್ಥಧಾರಿಯೂ ಒಬ್ಬನೇ ಆದಂತಾಯಿತು. ಅನುಕೂಲವೇನೋ ಹೌದು, ಎದುರು ಪಕ್ಷವಿಲ್ಲದ ಪ್ರೇಮದಲ್ಲಿ ಧರ್ಮಸಂಕಟಕ್ಕೆ ಜಾಗ ಕಡಿಮೆ ಎಂಬುದು ನನ್ನ ಹಳೆಗಾಲದ ಅಭಿಪ್ರಾಯ.

ಇನ್ನು ನಿಮ್ಮ ಸಾಲುಗಳು. ಬಸ್ಸು ಬಿಟ್ಟದ್ದು ಚೆನ್ನಾಗಿದೆ. ಮುಳ್ಳೇರಿಯದಲ್ಲಿ ಸಂಜೆಯ ಬಸ್ಸು ಬಿಡುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಆದರೆ ‘ನಿಂತಿದ್ದೇನೆ – ಬಂದಿದ್ದೇನೆ’ ಎಂಬುದು ನೀವು ಸಂಪಾದಿಸಿದ ಪ್ರಾಸವಲ್ಲ, ವ್ಯಾಕರಣ ಬಿಟ್ಟಿಯಾಗಿ ಕೊಟ್ಟದ್ದು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಇದ್ದೇನೆ’, ‘ತ್ತೇನೆ’, ‘ಇದೆ’ಗಳು ತಾವಾಗಿ ಸಾಲುಗಟ್ಟುತ್ತವೆ. ಇಂಗ್ಲಿಷಿನವನು ಹುಡುಕಿ ತರಬೇಕಾದ ಅಂತ್ಯಪ್ರಾಸ ನಮಗೆ ಅಂಗಳದಲ್ಲಿ ಬಿದ್ದಿರುವುದರಿಂದ ಅದಕ್ಕೆ ಬೆಲೆಯಿಲ್ಲ. ಇಂದಿನ ಹೆಚ್ಚಿನ ಕನ್ನಡ ರ‍್ಯಾಪ್ ಹಾಡುಗಳು ಕಿವಿಗೆ ಒಂದೇ ತೆರನಾಗಿ ಬೀಳಲು ಇದೇ ಕಾರಣ. ಭಾಷೆಯನ್ನು ದೂರಬೇಡಿ, ಮಲಯಾಳಕ್ಕೆ ಓಡಲೂ ಬೇಡಿ.

ನಮ್ಮ ಹಳೆಯ ಕವಿಗಳಲ್ಲಿ ಇದಕ್ಕೆ ಮದ್ದಿತ್ತು: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಪ್ರಾಸ. ಅದನ್ನು ಬಿಡುವ ಧೈರ್ಯ ಮಾಡಿದವರು ನಮ್ಮ ಮಂಜೇಶ್ವರದ ಗೋವಿಂದ ಪೈಯವರೇ, 1911ರಲ್ಲಿ; ಅಂದು ಅದು ಕಾವ್ಯದ ಕಾಲಿಗೆ ಸಂಕೋಲೆಯಾಗಿತ್ತು, ಅವರು ಕಳಚಿದ್ದು ಸರಿಯೇ. ಆದರೆ ರ‍್ಯಾಪಿಗೆ ಬೇಕಾದದ್ದು ಇಂತಹ ಕಟ್ಟೇ. ಸಾಲಿನ ಮೊದಲ ಪೆಟ್ಟಿನ ಬಳಿಯೇ ಪ್ರಾಸ ಬಿದ್ದರೆ ಮದ್ದಳೆಯ ಹುಡುಗನ ಕೈಗೆ ಹಿಡಿತ ಸಿಗುತ್ತದೆ. ಸಾಲಿನ ಕೊನೆಯನ್ನು ನೀವು ನಾಮಪದಕ್ಕೋ ಕ್ರಿಯಾಪದಕ್ಕೋ ಬೇಕಾದಂತೆ ಬಿಡಬಹುದು. ನಿಮ್ಮ ಬಸ್ಸನ್ನೇ ಎರವಲು ಪಡೆದು, ನಾಲ್ಕು ನಾಲ್ಕು ಮಾತ್ರೆಗಳ ಲೆಕ್ಕದಲ್ಲಿ ಮಾದರಿಗೆ ನಾಲ್ಕು ಸಾಲು ಕೊಡುತ್ತೇನೆ:

ಕಡೆ ಬಸ್ ಹೊರಟಿತು ಬೇಗನೆ ಇಂದು,
ಕೊಡೆಯಲಿ ಜಾಗವ ನೀಡಿದೆ ಬಂದು;
ನುಡಿಯಲು ನೂರಿವೆ, ನಾಲಿಗೆ ಕಲ್ಲು,
ಬಿಡದಿರು ಮಳೆಯೇ, ಇನ್ನೂ ಚೆಲ್ಲು.

ಕಡೆ, ಕೊಡೆ, ನುಡಿ, ಬಿಡ: ನಾಲ್ಕರಲ್ಲಿಯೂ ಎರಡನೆಯದು ಡಕಾರ. ಏಕತಾಳದಲ್ಲಿ ಬೆರಳು ತಟ್ಟುತ್ತಾ ಆಡಿ ನೋಡಿ, ಹಾಡಬೇಡಿ. ಇದು ಅರ್ಥಧಾರಿಯ ಪಾಲು ಮಾತ್ರ. ಪಲ್ಲವಿಯನ್ನು ನಾನು ಬರೆದುಕೊಡುವುದಿಲ್ಲ. ಅದನ್ನು ಆ ಕೊಡೆ ಹಿಡಿದವಳು ಹಾಡಬೇಕು.